ಕತ್ತರಿ ಮೇಷ್ಟ್ರು ಹೊತ್ತ ತಪ್ಪುಗಳು

ಕತ್ತರಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಹೊಲಿಗೆ ಅಂಗಡಿಯಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸುವವನನ್ನು ಮೇಷ್ಟ್ರು ಎನ್ನುವುದು ಆ ಕಸುಬಿನ ರೂಢಿ. ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಗುಂಡಿ ತಪ್ಪಿದರೆ ಕಿತ್ತು ಹಾಕಬಹುದು. ಕತ್ತರಿ ತಪ್ಪಿದರೆ ಮುಗಿದೇ ಹೋಯಿತು, ಸೂಟಿನ ಬಟ್ಟೆ ನೆಲ ಒರೆಸುವ ಬಟ್ಟೆಯಾಗುತ್ತದೆ. ಹಾಗಾಗಿ ಆ ಗೌರವ ಯಾರಿಗೂ ಪುಕ್ಕಟೆ ಸಿಗುವಂಥದ್ದಲ್ಲ.

ಅಂಗಡಿಯ ಒಳಕೋಣೆಯಲ್ಲಿ ಅವರದೊಂದು ಉದ್ದನೆಯ ಮೇಜು. ಎದುರಿಗೆ ಸಾಲಾಗಿ ಹೊಲಿಗೆ ಯಂತ್ರಗಳು, ಮೂಲೆಯಲ್ಲಿ ಹಬೆ ಬುಸುಗುಡುವ ಇಸ್ತ್ರಿ, ಕಿಟಕಿಯ ಪಕ್ಕ ಗುಂಡಿ ಹೊಲಿಯುವ ಅಜ್ಜಿ. ಮೇಷ್ಟ್ರು ಬಟ್ಟೆ ಹರವಿ, ಅಂಗೈಯಲ್ಲಿ ಸವರಿ, ಸೀಮೆಸುಣ್ಣದ ಬಿಲ್ಲೆಯಿಂದ ಗೆರೆ ಎಳೆದು, ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಕತ್ತರಿ ಎತ್ತುತ್ತಿದ್ದರು. ಆ ಕತ್ತರಿ ಮನೆಯ ಕಪಾಟಿನಲ್ಲಿ ಬಿದ್ದಿರುವ ಪುಟಾಣಿಯಲ್ಲ. ಒಂದು ಬಳೆಯಲ್ಲಿ ಹೆಬ್ಬೆರಳು, ಇನ್ನೊಂದು ಬಳೆಯಲ್ಲಿ ಮೂರು ಬೆರಳು ತೂರಿಸಿ ಇಡೀ ತೋಳಿನಿಂದ ನಡೆಸಬೇಕಾದ ಕಬ್ಬಿಣ. ಮೇಷ್ಟ್ರ ಕೈಯಲ್ಲಿ ಅದು ಸದ್ದೇ ಇಲ್ಲದೆ ಸಾಗುತ್ತಿತ್ತು. ಕತ್ತರಿಸುವಾಗ ಯಾರಾದರೂ ಮಾತಾಡಿಸಿದರೆ ಮಾತ್ರ ಕೆಂಡಾಮಂಡಲ. “ಯಾರಾದ್ರೂ ಸತ್ರೆ ಮಾತ್ರ ಕರೀರಿ. ಅದೂ ಸತ್ತೋರು ನಮ್ಮ ಗಿರಾಕಿ ಆಗಿದ್ರೆ” ಎನ್ನುತ್ತಿದ್ದರು.

ಅಂಗಡಿ ಅವರದಲ್ಲ, ಭಾವನದು. ಭಾವ ಎಂದರೆ ಹೆಂಡತಿಯ ಒಡಹುಟ್ಟಿದ ಅಣ್ಣ. ಮೇಷ್ಟ್ರು ಹರೆಯದಲ್ಲಿ ಅಂಗಡಿಯಿಂದ ಅಂಗಡಿಗೆ ಗುಂಡಿತೂತಿನ ಕಾಜಾ ಹೊಲಿಯುತ್ತ ಅಲೆಯುತ್ತಿದ್ದಾಗ ಕರೆದು ಕೂರಿಸಿದವರು, ಕತ್ತರಿಯನ್ನು ನಂಬಿ ಕೈಗಿತ್ತವರು, ಕೊನೆಗೆ ತಂಗಿಯನ್ನೂ ಕೊಟ್ಟವರು ಅವರೇ. ಭಾವನಿಗೆ ಕತ್ತರಿ ಬರುತ್ತಿರಲಿಲ್ಲ, ನಾಲಿಗೆ ಬರುತ್ತಿತ್ತು. ಕೌಂಟರಿನ ಹಿಂದೆ ಕೂತು, ಒಂದು ಅಂಗಿ ಹೊಲಿಸಲು ಬಂದವನನ್ನು ಮೂರು ಅಂಗಿಗೆ ಒಪ್ಪಿಸಿ ಕಳಿಸುವ ಜಾಣ. ಅನ್ನ ಕೊಟ್ಟವರು, ಹೆಣ್ಣು ಕೊಟ್ಟವರು, ಅವರ ಮಾತಿಗೆ ಎದುರಾಡುವುದುಂಟೆ ಎಂದು ಮೇಷ್ಟ್ರು ಇದ್ದುಬಿಟ್ಟರು.

ಆ ಅಂಗಡಿಯಲ್ಲಿ ಒಂದು ಪದ್ಧತಿ ಇತ್ತು. ಗಿರಾಕಿ ಬಂದು ರಂಪ ಮಾಡಿದರೆ, ತೋಳು ಗಿಡ್ಡವಾಗಿರಲಿ, ಕಾಲರು ಸೊಟ್ಟಗಿರಲಿ, ಹೇಳಿದ ದಿನಕ್ಕೆ ಬಟ್ಟೆ ಸಿಗದಿರಲಿ, ಒಳಗಿನಿಂದ ಮೇಷ್ಟ್ರು ಎದ್ದು ಬರಬೇಕು. ಎಲ್ಲರ ಎದುರಿಗೆ ನಿಂತು, “ತಪ್ಪು ನಂದೇ ಸಾರ್, ಬೈಯೋದಿದ್ರೆ ನನ್ನನ್ನೇ ಬೈರಿ” ಎನ್ನಬೇಕು. ನಿಜವಾಗಿ ಯಾರ ತಪ್ಪು ಎನ್ನುವುದು ಬಾಗಿಲು ಮುಂದೆ ಮಾಡಿಕೊಂಡು ಒಳಗೆ ತೀರ್ಮಾನವಾಗುತ್ತಿತ್ತು. ಇದನ್ನು ಕಲಿಸಿಕೊಟ್ಟವರು ಭಾವನೇ. “ನೋಡಪ್ಪ, ಗಿರಾಕಿ ಮೇಷ್ಟ್ರನ್ನ ಕ್ಷಮಿಸ್ತಾನೆ. ಅಂಗಡೀನ ಕ್ಷಮಿಸಲ್ಲ. ನೀನೊಂದು ಮಾತು ತಗೊಂಡ್ರೆ ನಮ್ಮ ಬೋರ್ಡು ಉಳಿಯುತ್ತೆ” ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಮೇಷ್ಟ್ರು ಇಪ್ಪತ್ತು ವರ್ಷ ಆ ಮಾತು ತಗೊಂಡರು. ಯಂತ್ರದವನು ಕುಡಿದು ಬಂದು ಹೊಲಿದ ಹೊಲಿಗೆ, ಇಸ್ತ್ರಿಯವನು ಸುಟ್ಟ ಪ್ಯಾಂಟಿನ ಮೊಳಕಾಲು, ಭಾವ ಬಾಯಿಗೆ ಬಂದ ಹಾಗೆ ಕೊಟ್ಟ ವಾಯಿದೆ, ಎಲ್ಲ ಅವರ ತಲೆಗೇ.

ಅವರಿಗೆ ಅದರಲ್ಲೊಂದು ಮೋಜೂ ಇತ್ತು ಅನ್ನಿ. ಒಮ್ಮೆ ಒಬ್ಬ ದೊಡ್ಡ ಮನುಷ್ಯ, ಅಂಗಡಿಯವರೆಲ್ಲ ಹಿಂದಿನಿಂದ ಹೊಟ್ಟೆ ಸಾಹೇಬ ಅನ್ನುತ್ತಿದ್ದವರು, ಕೋಟಿನ ಗುಂಡಿ ಹಾಕಲಾಗದೆ ಕೆಂಪಗಾಗಿ ನಿಂತರು. ಅಳತೆ ಕೊಟ್ಟು ಕೋಟು ಒಯ್ಯಲು ಬರುವಷ್ಟರಲ್ಲಿ ಅವರ ಹೊಟ್ಟೆ ಇನ್ನೊಂದು ಸುತ್ತು ಬಂದಿತ್ತು. ಅದು ಕಣ್ಣಿದ್ದವರಿಗೆಲ್ಲ ಕಾಣುತ್ತಿತ್ತು. ಮೇಷ್ಟ್ರು ಎದ್ದು ಬಂದು ಕೈ ಮುಗಿದರು. “ತಪ್ಪು ನಂದೇ ಸಾರ್. ನೀವು ಊಟಕ್ಕೆ ಮುಂಚೆ ಬಂದಿದ್ರಿ, ಊಟ ಆದ್ಮೇಲೆ ಅಳತೆ ತಗೋಬೇಕಿತ್ತು.” ಹೊಟ್ಟೆ ಸಾಹೇಬರು ಸಮಾಧಾನವಾಗಿ ಹೋದ ಮೇಲೆ ಇಡೀ ಒಳಕೋಣೆ ಬಿದ್ದು ಬಿದ್ದು ನಕ್ಕಿತು. ಭಾವ ಅವತ್ತು ಎಲ್ಲರಿಗೂ ಟೀ ತರಿಸಿದರು.

ನಗದವಳು ಹೆಂಡತಿ ಒಬ್ಬಳೇ. “ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನೀವು ಆ ಎಮ್ಮೆ ಕಣ್ರೀ” ಎನ್ನುತ್ತಿದ್ದಳು. “ಬರೀ ಬಾಯಿ ಮಾತು ಕಣೇ, ಮಾತಿಗೇನು ತೂಕ ಇರುತ್ತಾ?” ಎಂದು ಮೇಷ್ಟ್ರು ಹಾರಿಸಿಬಿಡುತ್ತಿದ್ದರು.

ಅಪಘಾತವಾದದ್ದು ಸಗಟು ಬಟ್ಟೆ ಮಳಿಗೆಗಳ ಓಣಿಯಲ್ಲಿ, ನಟ್ಟ ನಡು ಮಧ್ಯಾಹ್ನ. ಮೇಷ್ಟ್ರೂ ಭಾವನೂ ಬಟ್ಟೆಯ ಉರುಳೆಗಳನ್ನು ಕೊಂಡು ಕೈಗಾಡಿಗೆ ಏರಿಸುತ್ತಿದ್ದರು. ಉರುಳೆಗಳನ್ನು ಗೋಡೆಗೆ ಒರಗಿಸಿ, ಜಾರದಂತೆ ಮೇಷ್ಟ್ರು ಬಲಗೈ ಕೊಟ್ಟು ನಿಂತಿದ್ದರು. ಭಾವ ಎದುರಿಗೇ ನಿಂತು ಹಗ್ಗ ಬಿಗಿಯುತ್ತಿದ್ದರು. ಸರಕು ಇಳಿಸಿ ಮುಗಿಸಿದ್ದ ಒಂದು ಲಾರಿ, ಹಾರ್ನು ಇಲ್ಲ, ಹಿಂದೆ ನಿಂತು ದಾರಿ ಹೇಳುವ ಆಳಿಲ್ಲ, ಒಮ್ಮೆಲೇ ಹಿಂದಕ್ಕೆ ಬಂತು. “ಏಯ್, ನಿಲ್ಸೋ! ನಿಲ್ಸೋ!” ಎಂದು ಕಿರುಚಿದವರು ಭಾವನೇ. ಅಷ್ಟರಲ್ಲಿ ಲಾರಿಯ ಹಿಂಬದಿ ಹಲಗೆ ಮೇಷ್ಟ್ರ ಕೈಯನ್ನು ಗೋಡೆಗೆ ಒತ್ತಿ ಅರೆದುಬಿಟ್ಟಿತ್ತು.

ಜನ ಸೇರಿತು. ಚಾಲಕನನ್ನು ಎಳೆದು ಕೆಳಗಿಳಿಸಿದರು. ಅವನು ನೆಲದ ಮೇಲೆ ಕುಕ್ಕರಿಸಿ, “ನನ್ನ ಕೆಲ್ಸ ಹೋಯ್ತು, ನನ್ನ ಮನೆ ಮುಳುಗಿತು” ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ಒಂದಿಬ್ಬರು ಆಗಲೇ ಕೈ ಎತ್ತಿದ್ದರು. ಆ ಗದ್ದಲದಲ್ಲಿ, ಕೈಗೆ ಅಸ್ತರಿನ ಬಟ್ಟೆ ಸುತ್ತಿಕೊಂಡು ಗೋಡೆಗೆ ಒರಗಿದ್ದ ಮೇಷ್ಟ್ರು ಏನು ಮಾಡಿದರು ಗೊತ್ತೆ? ಯಾರೋ ಕೂಗಾಡುತ್ತಿದ್ದಾರೆ, ಯಾರೋ ಅಳುತ್ತಿದ್ದಾರೆ, ಅಷ್ಟು ಸಾಕಾಯಿತು ಅವರಿಗೆ. ಎರಡು ಹೆಜ್ಜೆ ಮುಂದೆ ಬಂದು, “ಹೊಡೀಬೇಡ್ರಪ್ಪ ಅವನಿಗೆ. ತಪ್ಪು ನಂದೇ. ನಾನೇ ಕೈ ಅಡ್ಡ ಇಟ್ಟೆ” ಎಂದರು. ಅಷ್ಟು ಹೇಳಿ ಕುಸಿದರು. ಅಯ್ಯೋ ಪುಣ್ಯಾತ್ಮ! ಜಗತ್ತಿನಲ್ಲಿ ಬೇರೆ ಯಾವ ಮನುಷ್ಯನ ಬಾಯಿಂದಲೂ ಆ ಹೊತ್ತಿನಲ್ಲಿ ಆ ಮಾತು ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಬೆರಳುಗಳಿಗೆ ಜೀವ ಇತ್ತು, ಬಲ ಇರಲಿಲ್ಲ; ಹೆಬ್ಬೆರಳು ಯಾವುದನ್ನೂ ಮುಟ್ಟುತ್ತಿರಲಿಲ್ಲ. ಕೈಯ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು: ಬೇರೆ ಕಡೆಯ ನರ ತಂದು ಜೋಡಿಸುವ ಒಂದು ಆಪರೇಷನ್ ಇದೆ, ಅದನ್ನು ಮಾಡಿಸಿದರೆ ಹೆಬ್ಬೆರಳು ಬೆರಳುಗಳಿಗೆ ಕೂಡುತ್ತದೆ, ಕತ್ತರಿ ಹಿಡಿಯಬಹುದು. “ಆದ್ರೆ ಎರಡು ವರ್ಷದೊಳಗೆ ಆಗ್ಬೇಕು. ಕೀಲು ಬಿಗಿದ್ಮೇಲೆ ಮಾಡಿಸಿದ್ರೂ ಒಂದೇ, ಬಿಟ್ರೂ ಒಂದೇ.” ಖರ್ಚು ಕೇಳಿ ಹೆಂಡತಿ ಗೋಡೆ ಹಿಡಿದುಕೊಂಡಳು. ಮನೆ ಮಾರಿದರೂ ಸಾಲದು, ಮನೆಯೂ ಬಾಡಿಗೆಯದು.

ಹಾಗಾಗಿ ಲಾರಿ ಕಂಪನಿಯ ಮೇಲೆ ದಾವೆ ಹೂಡುವುದೆಂದಾಯಿತು. ವಕೀಲಮ್ಮ ಖಡಕ್ ಹೆಂಗಸು, ಅಡ್ಡಗೋಡೆಯ ಮೇಲೆ ದೀಪ ಇಡುವ ಜಾತಿಯಲ್ಲ. ಅವರ ಕಚೇರಿ ಒಂದು ಕಿರಿದಾದ ಮಹಡಿ ಕೋಣೆ. ಕೂರಲು ಎರಡು ಕುರ್ಚಿ, ಮೂರನೆಯವರು ಬಂದರೆ ಬಾಗಿಲಲ್ಲಿ ನಿಲ್ಲಬೇಕು. ಅವತ್ತು ಬಾಗಿಲಲ್ಲಿ ನಿಂತವರು ಭಾವ.

“ಮೊದಲೇ ಹೇಳ್ಬಿಡ್ತೀನಿ, ಆಸೆ ಹೆಚ್ಚು ಇಟ್ಕೋಬೇಡಿ” ಎಂದರು ವಕೀಲಮ್ಮ. “ನೋವು, ಸಂಕಟ, ಕೈ ಹೋಗಿದ್ದಕ್ಕೆ ದುಃಖ, ಇದಕ್ಕೆಲ್ಲ ಇಷ್ಟರ ಮೇಲೆ ಕೊಡಬಾರದು ಅಂತ ಕಾನೂನೇ ಒಂದು ಮಿತಿ ಹಾಕಿದೆ. ನಿಮಗೆ ಎಷ್ಟೇ ನೋವಾಗ್ಲಿ, ಜಡ್ಜು ಎಷ್ಟೇ ಕರಗ್ಲಿ, ಆ ಗೆರೆ ದಾಟೋ ಹಾಗಿಲ್ಲ.”

“ಅಂದ್ರೆ ನೋವಿಗೂ ರೆಡಿಮೇಡ್ ಸೈಜು” ಎಂದರು ಮೇಷ್ಟ್ರು. “ನಮ್ಮ ಹತ್ರ ಆದ್ರೆ ಒಬ್ಬೊಬ್ಬನಿಗೂ ಬೇರೆ ಬೇರೆ ಅಳತೆ ತಗೋತೀವಿ ತಾಯಿ.”

ವಕೀಲಮ್ಮ ನಕ್ಕರು, ಆಮೇಲೆ ನಗು ನಿಲ್ಲಿಸಿದರು. “ಅದು ಹೋಗ್ಲಿ. ಆಪರೇಷನ್ ಖರ್ಚಿಗೆ ಆ ಮಿತಿ ಇಲ್ಲ, ಅದನ್ನ ಪೂರ್ತಿ ಕೇಳಬಹುದು. ಆದ್ರೆ ಅದಕ್ಕೆ ಇನ್ನೊಂದು ಬೇಲಿ ಇದೆ. ತಪ್ಪಲ್ಲಿ ನಿಮ್ಮ ಪಾಲು ಎಷ್ಟು, ಅವರ ಪಾಲು ಎಷ್ಟು ಅಂತ ಕೋರ್ಟು ಅಳೆಯುತ್ತೆ. ಅರ್ಧಕ್ಕಿಂತ ಒಂಚೂರು ಹೆಚ್ಚು ನಿಮ್ಮ ಕಡೆ ವಾಲಿದ್ರೆ ಒಂದು ಬಿಡಿಗಾಸೂ ಸಿಗಲ್ಲ. ನೀವೋ, ಬೀದೀಲಿ ನಿಂತು ತಪ್ಪು ನಂದೇ ಅಂದಿದೀರಿ. ಯಾಕ್ರೀ ಅಂದ್ರಿ?”

ಮೇಷ್ಟ್ರು ಅಂಗಡಿಯ ಪದ್ಧತಿಯನ್ನು ವಿವರಿಸಿದರು. ವಕೀಲಮ್ಮ ಹಣೆ ಹಣೆ ಬಡಿದುಕೊಂಡರು. “ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಇದನ್ನ ನೀವೇ ಹೇಳಿದ್ರೆ ಯಾರೂ ನಂಬಲ್ಲ. ಅಂಗಡಿ ಮಾಲೀಕರು ಬಂದು ಹೇಳ್ಬೇಕು. ಲಾರಿ ನೋಡದೆ ಹಿಂದಕ್ಕೆ ಬಂತು ಅನ್ನೋದನ್ನೂ ಕಂಡಿರೋರು ಅವರೊಬ್ಬರೇ. ನಿಮ್ಮ ಇಡೀ ಕೇಸು ಅವರ ನಾಲಿಗೆ ಮೇಲೆ ನಿಂತಿದೆ.”

“ಅಷ್ಟೇ ತಾನೇ?” ಎಂದರು ಭಾವ ಬಾಗಿಲಿನಿಂದ. “ನಾನು ಕಣ್ಣಾರೆ ಕಂಡಿದೀನಿ. ಆ ಪದ್ಧತಿ ಮಾಡಿದೋನೇ ನಾನು. ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ.”

ಸ್ವಲ್ಪ ದಿನದಲ್ಲೇ ಕಂಪನಿಯವರು ರಾಜಿಗೆ ಹೇಳಿಕಳಿಸಿದರು. ಕೊಡುತ್ತೇವೆಂದದ್ದು ಆಪರೇಷನ್ನಿನ ಅರ್ಧಕ್ಕೆ ಸಾಲುತ್ತಿತ್ತು. ಮಿಕ್ಕಿದ್ದನ್ನು ಎಲ್ಲಾದರೂ ಹೊಂದಿಸೋಣ, ತಗೊಂಡುಬಿಡೋಣ ಎಂದು ಹೆಂಡತಿ ಅಂದಳು. ಭಾವ ಕೇಳಲಿಲ್ಲ. “ಅವರು ಎಸೆಯೋ ಚೂರಿಗೆ ಕೈ ಚಾಚ್ತೀಯಾ? ನಾನಿಲ್ವಾ? ಪೂರ್ತಿ ಕೊಡಿಸ್ತೀನಿ” ಎಂದು ಮೇಷ್ಟ್ರ ಭುಜ ತಟ್ಟಿದರು. ಅವತ್ತು ಅವರು ಹೇಳಿದ್ದು ಮನಸ್ಸಿನಿಂದಲೇ ಇರಬೇಕು. ಮೇಷ್ಟ್ರು ರಾಜಿ ಬೇಡವೆಂದು ಹೇಳಿಕಳಿಸಿದರು. ವಕೀಲಮ್ಮ ಒಂದೇ ಮಾತು ಕೇಳಿದರು: “ನಿಮ್ಮ ಭಾವ ಗಟ್ಟಿ ಮನುಷ್ಯ ತಾನೇ?” ಮೇಷ್ಟ್ರಿಗೆ ಸಿಟ್ಟೇ ಬಂತು. “ನನ್ನ ಹೆಂಡತಿ ಅಣ್ಣ ಅವರು” ಎಂದರು, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲವೇ ಇಲ್ಲ ಎನ್ನುವ ಹಾಗೆ.

ಕೇಸು ಎಳೆಯಿತು. ಕೇಸೆಂದರೆ ಎಳೆಯುವುದೇ ಅದರ ಕೆಲಸ. ಮೊದಮೊದಲು ಭಾನುವಾರ ತಪ್ಪದೆ ಮನೆಗೆ ಊಟಕ್ಕೆ ಬರುತ್ತಿದ್ದ ಭಾವ ಆಮೇಲೆ ಅಪರೂಪವಾದರು. ಬಂದರೂ ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತು, ಕೆಲಸ ಇದೆ ಎಂದು ಹೋಗುತ್ತಿದ್ದರು. “ಅಣ್ಣ ಯಾಕೋ ಕಣ್ಣು ತಪ್ಪಿಸ್ತಾನೆ ಕಣ್ರೀ” ಎಂದಳು ಹೆಂಡತಿ. “ಒಡಹುಟ್ಟಿದೋನ ಮೇಲೆ ಅನುಮಾನ ಪಡ್ತೀಯಲ್ಲ, ನಾಚಿಕೆ ಆಗಲ್ವಾ?” ಎಂದು ಮೇಷ್ಟ್ರು ಗದರಿದರು. ತನ್ನ ಅಣ್ಣನ ಪರವಾಗಿ ಗಂಡನಿಂದ ಬೈಸಿಕೊಂಡ ಹೆಂಗಸು ಅವಳೊಬ್ಬಳೇ ಇರಬೇಕು. ಆ ದಿನಗಳಲ್ಲಿ ಮೇಷ್ಟ್ರು ಒಂದು ರಬ್ಬರ್ ಚೆಂಡನ್ನು ಬಲಗೈಯಲ್ಲಿಟ್ಟು ಒತ್ತುತ್ತ ಕೂರುತ್ತಿದ್ದರು, ಡಾಕ್ಟರು ಹೇಳಿದ್ದರೆಂದು. ಕೀಲು ಬಿಗಿಯದಿರಲಿ, ಆಪರೇಷನ್ನಿಗೆ ಕೈ ತಯಾರಿರಲಿ ಎಂದು.

ಕೋರ್ಟಿನ ದಿನ ಮೇಷ್ಟ್ರು ತಾವೇ ಹಿಂದೆ ಕತ್ತರಿಸಿದ್ದ ಕೋಟು ಹಾಕಿಕೊಂಡು ಹೋದರು. ಗುಂಡಿಯನ್ನು ಹೆಂಡತಿ ಹಾಕಿದಳು. ಭಾವ ಮೊದಲೇ ಬಂದು ದೂರದ ಬೆಂಚಿನಲ್ಲಿ ಕೂತಿದ್ದರು. ಮೇಷ್ಟ್ರು ಕೈ ಎತ್ತಿದರು, ಅವರು ನೋಡಲಿಲ್ಲ. ಟೆನ್ಷನ್ನು, ಪಾಪ ಎಂದುಕೊಂಡರು ಮೇಷ್ಟ್ರು.

ವಕೀಲಮ್ಮ ಕೇಳಿದರು: “ಲಾರಿ ಹಿಂದಕ್ಕೆ ಬಂದಿದ್ದನ್ನ ನೀವು ನೋಡಿದ್ರಾ?”

“ಇಲ್ಲ ಮೇಡಂ. ನಾನು ಹಗ್ಗ ಕಟ್ತಾ ಆ ಕಡೆ ಮುಖ ಮಾಡಿದ್ದೆ. ಸದ್ದು ಕೇಳಿ ತಿರುಗಿದೆ.”

ವಕೀಲಮ್ಮನ ಕೈಯಲ್ಲಿದ್ದ ಪೆನ್ನು ನಿಂತಿತು. “ಸರಿ. ಗಿರಾಕಿಗಳು ಬೈದಾಗ ಮೇಷ್ಟ್ರು ಮುಂದೆ ಬಂದು ತಪ್ಪು ನಂದೇ ಅನ್ನಬೇಕು ಅಂತ ನಿಮ್ಮ ಅಂಗಡೀಲಿ ಒಂದು ಪದ್ಧತಿ ಇದೆ ಅಲ್ವಾ? ಬೇರೆಯವರ ತಪ್ಪಾದ್ರೂ?”

“ಅಂಥ ಪದ್ಧತಿ ಏನಿಲ್ಲ ಮೇಡಂ. ಬೇರೆಯವರ ತಪ್ಪನ್ನ ಯಾರು ತಾನೇ ಒಪ್ಕೋತಾರೆ?”

ಮೇಷ್ಟ್ರಿಗೆ ಕೇಳಿದ್ದು ಅರ್ಥವಾಗಲಿಲ್ಲ. ಹೆಂಡತಿಗೆ ಆಯಿತು, ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಕಂಪನಿಯ ವಕೀಲ ಎದ್ದು, ಬೆಣ್ಣೆಯಂಥ ದನಿಯಲ್ಲಿ ಕೇಳಿದ: “ಹಾಗಾದ್ರೆ ಅಂಗಡೀಲಿ ಇವರು ತಪ್ಪು ಒಪ್ಕೊಂಡಿದ್ದು ಉಂಟಾ?”

“ಉಂಟು ಸಾರ್. ಎಷ್ಟೋ ಸಲ. ಗಿರಾಕಿಗಳ ಮುಂದೇನೇ ಒಪ್ಕೊಂಡಿದ್ದಾನೆ. ಒಳ್ಳೆ ಮನುಷ್ಯ, ಇಲ್ಲ ಅನ್ನಲ್ಲ. ಆದ್ರೆ ಗಮನ ಸ್ವಲ್ಪ ಕಡಿಮೆ.”

ಇನ್ನು ಮೇಲೆ ಆ ಮನುಷ್ಯನಿಗೆ ಬಹುವಚನ ಕೊಟ್ಟು ಬರೆಯಲು ಕೈ ಬರುವುದಿಲ್ಲ. ಅವನು ಕಟಕಟೆಯಿಂದ ಇಳಿದು, ಮೇಷ್ಟ್ರ ಬೆಂಚಿನ ಪಕ್ಕದಲ್ಲೇ ಹಾದು, ಹೊರಗೆ ಹೋದ. ಆಮೇಲೆ ಚಾಲಕ ಬಂದ. “ಅವರೇ ತಪ್ಪು ನಂದು ಅಂದ್ರಲ್ಲ ಸಾರ್” ಎಂದು ನೆಲ ನೋಡುತ್ತ ಹೇಳಿದ. ಆಮೇಲೆ ಬಂದವರು ಯಾರು ಅಂತೀರಿ? ಹೊಟ್ಟೆ ಸಾಹೇಬರು! ಕೋಟು ಕೆಡಿಸಿದ್ದು ಹೌದು, ಅಳತೆ ತಪ್ಪು ತಗೊಂಡೆ ಎಂದು ಈ ಮನುಷ್ಯ ಕೈ ಮುಗಿದು ಒಪ್ಪಿಕೊಂಡದ್ದೂ ಹೌದು ಎಂದರು, ಪಾಪ, ಸುಳ್ಳು ಒಂದಕ್ಷರವೂ ಇಲ್ಲದೆ. ನಿಮ್ಮನ್ನು ಇಲ್ಲಿಗೆ ಬರಲು ಹೇಳಿದವರು ಯಾರು ಎಂದು ವಕೀಲಮ್ಮ ಕೇಳಿದರೆ, “ಅಂಗಡಿ ಮಾಲೀಕರೇ ನನ್ನ ಹೆಸರು ಕೊಟ್ರಂತೆ” ಎಂದರು.

ತೀರ್ಪು ಬಂತು. ತಪ್ಪಿನ ದೊಡ್ಡ ಪಾಲು ಮೇಷ್ಟ್ರದೇ, ಪರಿಹಾರ ಇಲ್ಲ. ನ್ಯಾಯಾಧೀಶರನ್ನು ಬೈದು ಫಲವಿಲ್ಲ, ಅವರ ಮುಂದೆ ಬಂದದ್ದನ್ನು ಅವರು ತೂಗಿದರು. ನೋವಿಗೆ ಮಿತಿ ಎಷ್ಟು, ಎಷ್ಟರವರೆಗೆ ಕೇಳಬಹುದು ಎಂದು ಎಷ್ಟೋ ಸಂಜೆ ಚರ್ಚೆ ಮಾಡಿದ್ದರು ಗಂಡ ಹೆಂಡತಿ. ಆ ಮಾತಿನವರೆಗೆ ಕೋರ್ಟು ಬರಲೇ ಇಲ್ಲ. ಮೆಟ್ಟಿಲು ಇಳಿಯುತ್ತ ಮೇಷ್ಟ್ರು ಹೆಂಡತಿಗೆ ಹೇಳಿದ್ದು ಇಷ್ಟೇ: “ಗಮನ ಕಡಿಮೆ ಅಂದ ಕಣೇ. ನನಗೆ.” ಕೈ ಹೋದಾಗ ಅಳದವರು ಅಲ್ಲಿ ಅತ್ತರು.

ಅದರ ಹಿಂದಿನ ಕಥೆ ತಿಳಿಸಿದವಳು ಗುಂಡಿ ಅಜ್ಜಿ. ಒಂದು ಬೆಳಿಗ್ಗೆ ತರಕಾರಿ ಚೀಲದ ಸಮೇತ ಮನೆಗೇ ಬಂದು, ನೀರು ಕೇಳಿ ಕುಡಿದು, ತಲೆ ತಗ್ಗಿಸಿ ಹೇಳಿದಳು. ಲಾರಿ ಕಂಪನಿಯ ಚಾಲಕರಿಗೆ, ಹಮಾಲರಿಗೆ, ಕಾವಲುಗಾರರಿಗೆ ಎಲ್ಲರಿಗೂ ಸಮವಸ್ತ್ರ ಹೊಲಿಯುವ ಕೆಲಸ ಅಂಗಡಿಗೆ ಸಿಕ್ಕಿದೆಯಂತೆ. ಪ್ರತಿ ವರ್ಷವೂ. ಕಂಪನಿಯವರು ಅಂಗಡಿಗೆ ಬಂದು ಮಾತಾಡಿದ್ದು ಸಾಕ್ಷಿಗೆ ಮುಂಚೆಯೇ. “ನಾವೆಲ್ಲ ಹೊಟ್ಟೆಪಾಡಿನವರು ಮಗಾ, ಬಾಯಿ ಬಿಡೋಕಾಗ್ಲಿಲ್ಲ” ಎಂದು ಕಣ್ಣು ಒರೆಸಿಕೊಂಡಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಅಜ್ಜಿಯನ್ನು ಬೈಯಲು ಮೇಷ್ಟ್ರಿಗೆ ಬಾಯಿ ಬರಲಿಲ್ಲ.

ವಕೀಲಮ್ಮ ಇನ್ನೊಂದು ದಾರಿ ಇದೆ ಎಂದರು. ಮೇಲಿನ ಕೋರ್ಟಿಗೆ ಹೋಗಬಹುದು, ಆದರೆ ಬರಿಗೈಯಲ್ಲಿ ಹೋದರೆ ಪ್ರಯೋಜನವಿಲ್ಲ. ಭಾವ ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಳ್ಳಬೇಕು. ಅದಕ್ಕೂ ಒಂದು ಗಡುವಿದೆ, ತಿಂಗಳೊಳಗೆ. “ಹೆಂಡತಿ ಅಣ್ಣ ಅಂದ್ರಲ್ಲ, ಕೇಳಿ ನೋಡಿ” ಎಂದರು, ಚುಚ್ಚಿ ಹೇಳಿದ್ದಲ್ಲ, ಬೇಸರದಿಂದ.

ಕೇಳಲು ಹೋಗಬೇಕಾಗಲಿಲ್ಲ. ಭಾನುವಾರ ಮಧ್ಯಾಹ್ನ ಅವನೇ ಬಂದ. ಏನೂ ಆಗಿಲ್ಲವೆಂಬಂತೆ ಚಪ್ಪಲಿ ಬಿಟ್ಟು ಒಳಗೆ ಬಂದು, ಅಡುಗೆಮನೆಯ ಮೇಜಿಗೆ ಕುರ್ಚಿ ಎಳೆದು ಕೂತ. ಹಸಿದು ಬಂದವರನ್ನು ಎಬ್ಬಿಸುವುದು ಆ ಹೆಂಗಸಿಗೆ ಗೊತ್ತಿರಲಿಲ್ಲ. ಮುಖ ನೋಡದೆ ತಟ್ಟೆ ಇಟ್ಟು ಬಡಿಸಿದಳು. ಅವನು ಎರಡು ತುತ್ತು ತಿಂದು ಮಾತು ತೆಗೆದ.

“ನೋಡಪ್ಪ, ನಿನಗೆ ನನ್ನ ಮೇಲೆ ಕೋಪ ಇದೆ. ಇರ್ಲಿ. ಆದ್ರೆ ಲೆಕ್ಕ ಹಾಕು. ಕಾನೂನು ಕೊಡೋದು ಎಷ್ಟು? ಅದಕ್ಕೊಂದು ಮಿತಿ, ಅದಕ್ಕೊಂದು ಬೇಲಿ. ಗೆದ್ರೂ ಕಂಪನಿಯೋರು ಇನ್ನೂ ಮೇಲಿನ ಕೋರ್ಟಿಗೆ ಹೋಗೋರು, ನಿನ್ನ ಕೈ ಕಾಯುತ್ತಾ? ಈ ಆರ್ಡರು ಹಾಗಲ್ಲ. ಅಂಗಡಿ ನಿಲ್ಲುತ್ತೆ, ಹತ್ತು ಮನೆ ಉಳಿಯುತ್ತೆ. ಅದರಲ್ಲೇ ನಿನ್ನ ಆಪರೇಷನ್ನೂ ಆಗುತ್ತೆ. ನಾನೇ ಮಾಡಿಸ್ತೀನಿ. ಡಾಕ್ಟ್ರ ಹತ್ರ ಮಾತಾಡಿ ಬಂದೆ. ಮುಂದಿನ ವಾರವೇ ಸೇರ್ಕೋಬಹುದು.”

ಸುಳ್ಳು ಯಾಕೆ ಹೇಳಬೇಕು, ಮೇಷ್ಟ್ರ ಎದೆ ಕುಣಿಯಿತು. ಮುಂದಿನ ವಾರ! ಹೆಬ್ಬೆರಳು, ಬೆರಳು, ಕತ್ತರಿ, ಆ ಉದ್ದನೆಯ ಮೇಜು. ಮೊದಲು ಕತ್ತರಿಸಬೇಕಾದದ್ದು ಆ ಲಾರಿ ಕಂಪನಿಯವರ ಅಂಗಿಗಳನ್ನೇ ಎನ್ನುವುದೂ ಹೊಳೆಯಿತು. ಆದರೂ ಎದೆ ಕುಣಿದದ್ದು ನಿಜ. ಹೂಂ ಎನ್ನಲು ಬಾಯಿ ತೆರೆದಿದ್ದರು. ಹೆಂಡತಿ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು.

“ಆಯ್ತು ಭಾವ” ಎಂದರು ಮೇಷ್ಟ್ರು. “ಕೋರ್ಟಿಗೆ ಬರಬೇಡಿ. ಎಲ್ಲೂ ಸಹಿ ಹಾಕಬೇಡಿ. ಆರ್ಡರು ನಿಮಗೇ ಇರ್ಲಿ. ಒಂದೇ ಒಂದು ಕೆಲಸ ಮಾಡಿ. ಇಲ್ಲಿ, ನಿಮ್ಮ ತಂಗಿ ಮುಂದೆ, ಬಾಯಿ ಬಿಟ್ಟು ಹೇಳಿ. ಲಾರಿ ನೋಡದೆ ಬಂತು, ನನ್ನ ತಪ್ಪಲ್ಲ. ಅಂಗಡೀಲಿ ನಾನು ಒಪ್ಕೊಂಡ ತಪ್ಪುಗಳೂ ನನ್ನವಲ್ಲ. ಇಷ್ಟು ಹೇಳಿ. ನಾನು ಆಪರೇಷನ್ ಮಾಡಿಸ್ಕೋತೀನಿ, ಬಂದು ಕೆಲಸಕ್ಕೆ ನಿಲ್ತೀನಿ, ಇನ್ನೊಂದು ಮಾತು ಎತ್ತಲ್ಲ.”

ಅವನು ತುತ್ತು ನುಂಗಿದ. ಕಿಟಕಿಯ ಕಡೆ ನೋಡಿದ, ಗೋಡೆಗೂ ಕಿವಿ ಇದೆಯೇನೋ ಎಂಬಂತೆ. “ಈಗ ಯಾಕೆ ಅದೆಲ್ಲ? ಆಗಿದ್ದು ಆಗಿಹೋಯ್ತು.”

“ಹೇಳಿ ಭಾವ.”

ಅವನು ತಟ್ಟೆಯಲ್ಲಿ ಅನ್ನ ಕಲಸಿದ. ಆಮೇಲೆ ತಲೆ ಎತ್ತಿದ. ಮುಖದಲ್ಲಿ ಕಳ್ಳತನ ಇರಲಿಲ್ಲ, ಅದೇ ಭಯಂಕರ. ತಾಳ್ಮೆಯಿಂದ, ಮನೆಯ ಹಿರಿಯ ತಿಳಿ ಹೇಳುವ ಹಾಗೆ ಹೇಳಿದ: “ನೀನೇ ಯೋಚನೆ ಮಾಡಪ್ಪ. ಇಪ್ಪತ್ತು ವರ್ಷ ಎಲ್ಲರ ಮುಂದೆ ನೀನೇ ತಪ್ಪು ನಂದು ಅಂತಿದ್ದೆ. ಅಷ್ಟರಲ್ಲಿ ಅರ್ಧ ಆದ್ರೂ ನಿಂದು ಇರಲ್ವಾ? ಬೆಂಕಿ ಇಲ್ದೆ ಹೊಗೆ ಬರುತ್ತಾ? ಅವತ್ತೂ ಅಷ್ಟೇ. ಕೈ ಒಂಚೂರು ಈ ಕಡೆ ಇಟ್ಟಿದ್ರೆ ಏನೂ ಆಗ್ತಿರ್ಲಿಲ್ಲ. ನಾನು ಸುಳ್ಳು ಹೇಳಿದೆ ಅಂತ ನನಗನ್ಸಲ್ಲ.”

ಅವನು ನಾಟಕ ಆಡುತ್ತಿರಲಿಲ್ಲ. ಮೇಷ್ಟ್ರಿಗೆ ಅದು ಸ್ಪಷ್ಟವಾಗಿ ಕಂಡಿತು. ಆ ಪದ್ಧತಿಯನ್ನು ಹುಟ್ಟಿಸಿದವನು, ಬಾಗಿಲು ಮುಂದೆ ಮಾಡಿಕೊಂಡು ಪ್ರತಿ ಸಲವೂ ನಿಜವಾದ ತಪ್ಪುಗಾರನನ್ನು ಹಿಡಿದು ಬೈದವನು, ಈಗ ಅದನ್ನೆಲ್ಲ ನಂಬಿಬಿಟ್ಟಿದ್ದ. ಸುಳ್ಳು ಹೇಳುವವನಾದರೆ ಒಂದು ದಿನ ಪಶ್ಚಾತ್ತಾಪ ಪಟ್ಟಾನು; ನಂಬಿದವನನ್ನು ಏನು ಮಾಡುತ್ತೀರಿ? ಜಗತ್ತಿನಲ್ಲಿ ಮೇಷ್ಟ್ರ ಕೆಲಸ ಎಂಥದ್ದು ಎಂದು ಬಲ್ಲವನು ಅವನೊಬ್ಬನಿದ್ದ. ಈಗ ಅವನೂ ಇಲ್ಲ.

ಹೆಂಡತಿ ತಿರುಗಿದಳು. ಅಣ್ಣನ ಮುಂದಿದ್ದ ತಟ್ಟೆಯನ್ನು, ಅರ್ಧ ಊಟ ಅದರಲ್ಲೇ ಇದ್ದ ಹಾಗೆಯೇ, ಎತ್ತಿಕೊಂಡಳು. “ಏಳಣ್ಣ. ಇನ್ನು ಈ ಮನೆಗೆ ಬರಬೇಡ.”

“ಏನೇ ಇದು? ಗಂಡನ ಕೈ ಬೇಡ್ವಾ ನಿನಗೆ?”

“ಏಳು ಅಂದೆ.”

ಅವನು ಮೇಷ್ಟ್ರ ಕಡೆ ನೋಡಿದ. ಮೇಷ್ಟ್ರು ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಅವನು ಎದ್ದು, ಕೈ ತೊಳೆಯದೆ, ಬೀದಿಗೆ ಇಳಿದು ಹೋದ. ಗಡುವಿನ ದಿನವೂ ಬಂತು, ಹೋಯಿತು. ವಕೀಲಮ್ಮನ ಹತ್ತಿರ ಇವರು ಮತ್ತೆ ಹೋಗಲಿಲ್ಲ. ಆಮೇಲೆ ಡಾಕ್ಟರು ಹೇಳಿದ್ದ ಕಾಲವೂ ಮುಗಿಯಿತು. ಕೀಲುಗಳು ಒಂದೊಂದಾಗಿ ಬಿಗಿದುಕೊಂಡವು.

ಆದರೆ ಆ ಭಾನುವಾರ, ಅವನು ಹೋದ ಮೇಲೆ, ಹೆಂಡತಿ ತಟ್ಟೆ ತೊಳೆದಿಟ್ಟು ಬಂದು ಎದುರಿಗೆ ಕೂತಳು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವಳಿಗೆ ಆಗಲೇ ಭಯ ಶುರುವಾಗಿತ್ತು.

“ಆ ದುಡ್ಡಲ್ಲಿ ಬೇಡ ಅಂತ ನೀವೂ ಅಂದ್ಕೊಂಡ್ರಿ ತಾನೇ?” ಎಂದು ಕೇಳಿದಳು. “ನನ್ನ ಮುಖ ನೋಡಿ ಹೇಳಿ. ಬೇಡ ಆಗಿತ್ತು ತಾನೇ?”

ಮೇಷ್ಟ್ರು ಅವಳ ಮುಖ ನೋಡಿದರು. ಯಾರಾದರೂ ನೊಂದು ನಿಂತರೆ ಸಮಾಧಾನದ ಮಾತು ತಾನಾಗಿಯೇ ಬರುತ್ತಿದ್ದ ಬಾಯಿ ಅದು. ಅವತ್ತು ಬರಲಿಲ್ಲ.

“ಬೇಕಿತ್ತು ಕಣೇ” ಎಂದರು. “ಆ ಕೈ ನನಗೆ ತುಂಬಾ ಬೇಕಿತ್ತು.”